ವ್ಯಾಪ್ತಿಯ ಪುಟದ ಬಂಧುಬಳಗ

ನಾವು ಮಾಡುವ ಸಾಫ್ಟ್‌ವೇರ್ ತಾನು ನಡೆಸಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ನಮ್ಮಲ್ಲಿ ಒಂದೊಂದು ತಂಡದ ಲಾಗ್ ಒಂದೊಂದು ತರಹ. ಒಬ್ಬರು ತಾರೀಖು ಮೊದಲು ಬರೆದರೆ ಇನ್ನೊಬ್ಬರು ತಿಂಗಳು ಮೊದಲು. ಏನಾದರೂ ಕೆಟ್ಟಾಗ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದುವಷ್ಟರಲ್ಲಿ ಗಿರಾಕಿಯ ತಾಳ್ಮೆ ಮುಗಿದಿರುತ್ತಿತ್ತು. ಎಲ್ಲರಿಗೂ ಒಂದೇ ಮಾದರಿ ಗೊತ್ತುಮಾಡುವ ದಾಖಲೆ ಬರೆಯುವ ಕೆಲಸ ನನ್ನ ಹೆಗಲಿಗೆ ಬಿತ್ತು. ಎರಡು ಸಭೆ ನಡೆದರೂ ಒಪ್ಪಿಗೆ ಸಿಗಲಿಲ್ಲ. ಮೂರನೆಯದರಲ್ಲೂ ಹೀಗೇ ಆದರೆ ಕೆಲಸವನ್ನೇ ಕೈಬಿಡೋಣವೆಂದು ಮೇಲಿನವರು ಹೇಳಿಬಿಟ್ಟಿದ್ದರು.

ತೊಡಕಿದ್ದದ್ದು ಮೊದಲ ಪುಟದಲ್ಲಿ, ದಾಖಲೆ ಯಾವುದಕ್ಕೆಲ್ಲ ಅನ್ವಯಿಸುತ್ತದೆಂದು ಹೇಳುವ ‘ವ್ಯಾಪ್ತಿ’ಯಲ್ಲಿ. ನಮ್ಮ ಲಗ್ನಪತ್ರಿಕೆಗಳನ್ನು ನೋಡಿದ್ದೀರಲ್ಲ, ಸುಖಾಗಮನ ಬಯಸುವವರಲ್ಲಿ ಒಬ್ಬರನ್ನೂ ಬಿಡುವ ಹಾಗಿಲ್ಲ. ತಮ್ಮ ಹೆಸರು ಬಿಟ್ಟುಹೋಯಿತೆಂದು ನನ್ನ ಮದುವೆಗೇ ಬಾರದ ಚಿಕ್ಕಪ್ಪ ಒಬ್ಬರಿದ್ದಾರೆ. ಆಗಿನಿಂದ ಯಾರನ್ನಾದರೂ ಬಿಡುವುದೆಂದರೆ ನನಗೆ ನಡುಕ. ಲಾಗನ್ನು ಎಷ್ಟು ಕಾಲ ಇಡಬೇಕೆಂದು ಸ್ಟೋರೇಜ್‌ನವರು ಕೇಳಿದರು, ಸೇರಿಸಿದೆ. ಯಾರು ಓದಬಹುದೆಂದು ಡೇಟಾ ಸುರಕ್ಷತೆಯವರು ಕೇಳಿದರು, ಅದನ್ನೂ ಸೇರಿಸಿದೆ. ಏನೂ ಕೇಳದವರು ಮುನಿಸಿಕೊಂಡಾರೆಂದು ಅವರಿಗೇನು ಬೇಕಿರಬಹುದೆಂದು ನಾನೇ ಊಹಿಸಿ ಸೇರಿಸಿದೆ. ಪುಟ ಉದ್ದವಾದಷ್ಟೂ ಎಲ್ಲರೂ ಒಪ್ಪಿಗೆ ಕೊಡಲು ಹಿಂಜರಿದರು.

ಮೂರನೆಯ ಸಭೆ ಕುಂದಲಹಳ್ಳಿಯ ನಮ್ಮ ಆಫೀಸಿನಲ್ಲಿ. ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ನಮ್ಮ ಪೀಣ್ಯ ಶಾಖೆಯಿಂದ ಒಬ್ಬಾಕೆ ಮೆಟ್ರೋ ಬದಲಾಯಿಸಿಕೊಂಡು ಬಂದಿದ್ದರು. ಮೊದಲ ಪುಟವನ್ನು ಸಾವಧಾನವಾಗಿ ಓದಿ ತಲೆ ಎತ್ತಿದರು.

“ಸಾರ್, ಇದೆಲ್ಲ ಸರಿ. ನಾಳೆ ಬೆಳಗ್ಗೆ ನಾನು ಏನು ಬದಲಾಯಿಸ್ಬೇಕು, ಅದು ಹೇಳಿ.”

“ಸಾಲು ಹೇಗೆ ಬರೀಬೇಕು ಅನ್ನೋದು. ಅಷ್ಟೇ,” ಎಂದುಬಿಟ್ಟೆ.

“ಮತ್ತೆ ಮಿಕ್ಕಿದ್ದು?”

ಮಿಕ್ಕಿದ್ದರ ವಾರಸುದಾರರೆಲ್ಲ ಎದುರಿಗೇ ಕೂತಿದ್ದರು. ಎಲ್ಲರ ಮುಖದಲ್ಲೂ ನನಗೆ ಚಿಕ್ಕಪ್ಪನೇ ಕಾಣಿಸಿದರು. “ಬಿಟ್ಟುಬಿಡಬಹುದೇನೋ,” ಎಂದು ಗೊಣಗಿ, ಬೇಡವಾದ ನೀರನ್ನು ಕುಡಿದೆ.

ಮೊದಲು ಬಾಯಿಬಿಟ್ಟವನು ಡೇಟಾ ಸುರಕ್ಷತೆಯ ಗೆಳೆಯ. “ಬಿಡು ಗುರು, ಪುಣ್ಯ ಬರುತ್ತೆ. ನಮ್ಮ ಟೀಮ್ ಹೆಸರು ಅಲ್ಲಿ ನೋಡಿದಾಗಿಂದ ಭಯ ನಂಗೆ. ಇಷ್ಟೆಲ್ಲ ನಾವೇ ಮಾಡ್ಬೇಕೇನೋ ಅಂತ.”

“ಮತ್ತೆ ಕೇಳಿದ್ದು ನೀನೇ ಅಲ್ವೇನೋ?”

“ಸ್ಟೋರೇಜ್‌ನೋರು ಕೇಳಿದ್ರಲ್ಲ, ನಾವು ಸುಮ್ನಿದ್ರೆ ಚೆನ್ನಾಗಿರಲ್ಲ ಅಂತ ಕೇಳ್ದೆ.”

“ನಾನೂ ಮಾತಿಗೆ ಹೇಳಿದ್ದಪ್ಪ,” ಎಂದರು ಸ್ಟೋರೇಜ್‌ನ ಹಿರಿಯರು. “ನೀವು ಪ್ರಿಂಟೇ ಹಾಕಿಸಿಬಿಟ್ರಿ.”

ಪೀಣ್ಯದಾಕೆ ನಗು ತಡೆಯಲು ನೋಡಿ ಸೋತರು.

ಅಲ್ಲೇ ಕೂತು ವ್ಯಾಪ್ತಿಯನ್ನು ಒಂದು ವಾಕ್ಯಕ್ಕೆ ಇಳಿಸಿದೆವು: ಲಾಗಿನ ಪ್ರತಿ ಸಾಲಿನಲ್ಲಿ ಏನೇನು, ಯಾವ ಕ್ರಮದಲ್ಲಿ ಇರಬೇಕು ಎಂಬುದು ಮಾತ್ರ. ಅದರ ಕೆಳಗೆ ‘ಈ ದಾಖಲೆಗೆ ಸೇರದ ವಿಷಯಗಳು’ ಎಂದು ಬರೆದು, ಮಿಕ್ಕ ನೆಂಟರನ್ನೆಲ್ಲ ಒಬ್ಬರನ್ನೂ ಬಿಡದೆ ಅಲ್ಲಿ ಕೂರಿಸಿದೆ. ಎಲ್ಲರೂ ತಮ್ಮ ತಮ್ಮದು ಅಲ್ಲಿದೆಯೇ ಎಂದು ಹುಡುಕಿ ನೋಡಿಕೊಂಡು, ಸಮಾಧಾನದಿಂದ ಒಪ್ಪಿಗೆ ಕೊಟ್ಟರು. ಊಟದ ಹೊತ್ತಿಗೂ ಮುಂಚೆ ಸಭೆ ಮುಗಿದಿತ್ತು.

ಹೆಂಡತಿಗೆ ಫೋನ್ ಮಾಡಿ, ಕೆಲಸ ಆಯಿತು, ಇವತ್ತು ಬೇಗ ಬರುತ್ತೇನೆ ಎಂದೆ.

“ಯಾಕ್ರೀ, ಯಾವತ್ತೂ ಇಲ್ಲದ್ದು ಇವತ್ತೇನು ಬೇಗ?” ಎಂದಳು. “ಹುಷಾರಾಗಿದ್ದೀರ ತಾನೆ?”