ಐಸಿನ ಬೂತಾಯಿ

ಅಹಲ್ಯಾ ಹುಟ್ಟಿದ್ದು ಮಲ್ಪೆಯ ಕಡಲ ದಂಡೆಯಲ್ಲಿ, ನೆಲೆನಿಂತದ್ದು ದಿಲ್ಲಿಯ ಪೀತಮ್‌ಪುರದಲ್ಲಿ. ಗಂಡ ತಿಪ್ಪೇಸ್ವಾಮಿ ಕೇಂದ್ರ ಸರ್ಕಾರದ ಗುಮಾಸ್ತ, ಚಿತ್ರದುರ್ಗದ ಕಡೆಯವ. ಮೀನೆಂದರೆ ಮೂಗು ಮುಚ್ಚುವ ಆಸಾಮಿ. ಮನೆ ಮಾಲೀಕರೂ ಅದೇ ಜಾಯಮಾನದವರು. ಮೀನಿನ ಆಸೆಯನ್ನು ಅವಳು ಎಂದೋ ಕೈಬಿಟ್ಟಿದ್ದಳು.

೨೦೦೬ರಲ್ಲಿ ತಾಯಿ ಗುಲಾಬಿಯನ್ನು ಊರಿಂದ ಕರೆತಂದ ಮೇಲೆ ಮನೆಯ ನೆಮ್ಮದಿ ಕೆಟ್ಟಿತು. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಮಗಳನ್ನು ಓದಿಸಿದವಳಿಗೆ ಈಗ ಮರೆವಿನ ಕಾಯಿಲೆ. ಮಗಳ ಗುರುತೇ ಹತ್ತುತ್ತಿರಲಿಲ್ಲ. ಚಪಾತಿ ಮುಟ್ಟಳು, ಅನ್ನ ಮುಟ್ಟಳು. "ಬೂತಾಯಿ ಇಲ್ವಾ?" ಎಂದು ಊರ ಕಡಲಿನ ಮೀನು ಕೇಳಿ ತಟ್ಟೆ ಸರಿಸುವಳು. ಹೀಗೇ ಆದರೆ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಪಾಪ, ತಿಪ್ಪೇಸ್ವಾಮಿಯೇ ಕಡಲ ಮೀನು ಸಿಗುವ ಐಎನ್‌ಎ ಮಾರ್ಕೆಟ್ಟಿಗೆ ಹೊರಟ. ಗೇಣುದ್ದವೂ ಇಲ್ಲದ ಮೀನು, ನೀಲಿಹಸಿರು ಬೆನ್ನು, ಬೆಳ್ಳಗೆ ಹೊಳೆಯುವ ಹೊಟ್ಟೆ, ಕಿವಿರಿನ ಅಂಚಿಗೊಂದು ಕಪ್ಪು ಬೊಟ್ಟು ಎಂದು ಅಹಲ್ಯಾ ಗಿಳಿಗೆ ಹೇಳಿಕೊಟ್ಟಂತೆ ಹೇಳಿ ಕಳಿಸಿದಳು. ಮಹಾರಾಯ ಸರಿಯಾದ ಮೀನನ್ನೇ ಆರಿಸಿದ. ಆದರೆ ಹೆಂಡತಿಗೆ ಕೆಲಸ ಹಗುರಾಗಲೆಂದು "ಭಯ್ಯಾ, ಸಾಫ್ ಕರ್ ದೋ" ಅಂದುಬಿಟ್ಟ. ತಲೆ ತೆಗೆಸಿ, ತುಂಡು ಮಾಡಿಸಿಯೇ ಮನೆಗೆ ಬಂದ!

"ಇದೆಂಥದ್ದು?" ಎಂದು ಗುಲಾಬಿ ಮುಖ ತಿರುಗಿಸಿದಳು. ಕಣ್ಣಿಲ್ಲದ, ಬೊಟ್ಟಿಲ್ಲದ ತುಂಡನ್ನು ಮೀನು ಮಾರಿ ಬದುಕಿದವಳು ಬೂತಾಯಿ ಎಂದು ಹೇಗೆ ಒಪ್ಪಬೇಕು?

ಮರುದಿನ ಅಹಲ್ಯಾ ತಾನೇ ಹೋಗಿ ಇಡೀ ಮೀನು ತಂದಳು. ವಾಸನೆ ಮಾಲೀಕರ ಮನೆಗೆ ಹೋಗದಂತೆ ಕಿಟಕಿ ಮುಚ್ಚಿ, ತೊಳೆದು, ಬೇಯಿಸುವ ಮೊದಲು ತೋರಿಸಲೆಂದು ತಟ್ಟೆಯಲ್ಲಿಟ್ಟು ತಾಯಿಯ ಮುಂದೆ ಹಿಡಿದಳು. ಗುಲಾಬಿಯ ಮುಖ ಅರಳಿತು. ಒಂದನ್ನೆತ್ತಿ ಬೊಟ್ಟಿನ ಮೇಲೆ ಬೆರಳಾಡಿಸಿದಳು, ಕಿವಿರು ಬಿಡಿಸಿ ನೋಡಿದಳು.

"ಬೂತಾಯಿ!"

ಅಹಲ್ಯಾಳಿಗೆ ಅಳು ಉಕ್ಕಿಬಂತು. ಅಮ್ಮ ಇನ್ನು ಉಣ್ಣುತ್ತಾಳೆ, ತನ್ನನ್ನೂ ಗುರುತಿಸುತ್ತಾಳೆ ಎಂದು ಮನಸ್ಸು ಹಾರಾಡಿತು.

ಗುಲಾಬಿ ಮೀನನ್ನು ತಟ್ಟೆಗೆ ಹಾಕಿದಳು. "ಐಸಿನದ್ದು ಮಾರಾಯ್ತಿ. ಕಣ್ಣು ನೋಡು, ಒಳಗೆ ಹೋಗಿದೆ. ಮುಂದಿನ ಮನೆಯಲ್ಲಿ ಮಾರು. ನಂಗೆ ಬೇಡ."

"ಇದೊಂದ್ಸಲ ತಿನ್ನಮ್ಮಾ."

"ನನಗಾದ್ರೆ ಏನಾದ್ರೂ ಆಗ್ತದೆ. ಇವತ್ತು ನನ್ನ ಮಗಳು ದಿಲ್ಲಿಯಿಂದ ಬರ್ತಾಳೆ. ಅವಳಿಗೆ ಹಳಸಿದ್ದು ಹಾಕ್ಲಿಕ್ಕೆ ಆಗ್ತದಾ? ಅವಳು ಬರದೆ ನಾನು ಹೇಗೆ ಉಣ್ಣೋದು?"

ಅಹಲ್ಯಾ ತಟ್ಟೆ ಕೆಳಗಿಟ್ಟು ತಾಯಿಯ ಎದುರು ನೆಲದ ಮೇಲೆ ಕೂತಳು.

"ಬರ್ಲಿ, ನಾನೂ ಕಾಯ್ತೇನೆ" ಅಂದಳು.