ನೀಲಿ ಪರದೆ ಬಂದರೆ ಹೆದರಬೇಡಿ

ಟೀಚರರ ತೋರುಬೆರಳ ತುದಿ ಚಪ್ಪಟೆಯಾಗಿತ್ತು. ಜೀವಮಾನವಿಡೀ ಒಂದನೇ ಕ್ಲಾಸಿನ ಮಕ್ಕಳಿಗೆ ಸ್ಲೇಟಿನ ಮೇಲೆ ಒತ್ತಿ ಒತ್ತಿ ಅಕ್ಷರ ತಿದ್ದಿಸಿದ ಬೆರಳು ಅದು. ಏನು ಓದುವಾಗಲೂ ಅದನ್ನು ಸಾಲಿನ ಕೆಳಗೆ ಇಡುವರು. ಆ ಸಾಲು ಪೂರ್ತಿ ಅರ್ಥವಾಗದೆ ಬೆರಳು ಮುಂದಿನ ಸಾಲಿಗೆ ಇಳಿಯುತ್ತಿರಲಿಲ್ಲ.

ಮೂಡುಬಿದಿರೆಯಲ್ಲಿ ನನ್ನ ವಿಡಿಯೋ ಅಂಗಡಿಯ ಪಕ್ಕದ ಮನೆ ಅವರದು. ನಿವೃತ್ತರಾದ ಮೇಲೆ ದಿನಾ ಬೆಳಿಗ್ಗೆ ಪೇಪರ್ ಓದಲು ನನ್ನಲ್ಲಿಗೆ ಬರುವರು. "ತರಿಸುವುದು ನೀನು, ಓದುವುದು ನಾನು. ಇಬ್ಬರಿಗೂ ಕೆಲಸ ಉಂಟಲ್ಲ?" ಎಂದು ನಗುವರು.

ನಾನು ಆರನೆಯಲ್ಲೇ ಶಾಲೆ ಬಿಟ್ಟವ. ಮದುವೆ ಶೂಟಿಂಗ್, ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡುವುದು, ಎಲ್ಲ ದುಡಿದು ದುಡಿದೇ ಕಲಿತೆ. ಆ ಜಂಬ ನನಗೆ ಈಗಲೂ ಉಂಟು. ಇಂಟರ್ನೆಟ್ ಬಂದಾಗ ಅದೇ ಕಂಪ್ಯೂಟರಿಗೆ ಒಂದು ವೆಬ್‌ಕ್ಯಾಮ್ ಸೇರಿಸಿದೆ. ಗಲ್ಫಿನಲ್ಲಿರುವವರ ಮನೆಯವರು ಬಂದು ಮುಖ ನೋಡಿ ಮಾತಾಡುವರು.

ಒಂದು ದಿನ ಹತ್ತಿರದ ತೋಡಾರಿನ ಬ್ಯಾರಿ ಮುಸ್ಲಿಮರ ಹುಡುಗಿಯೊಬ್ಬಳು ಕೂಸನ್ನೆತ್ತಿಕೊಂಡು ಬಂದಳು. "ಅಣ್ಣ, ಇವಳ ಅಪ್ಪ ಮಗುವನ್ನು ಇನ್ನೂ ನೋಡಲೇ ಇಲ್ಲ. ಶುಕ್ರವಾರ ಮಾತ್ರ ಅವರಿಗೆ ರಜೆ."

ಆ ಶುಕ್ರವಾರವೇ ನನಗೆ ನಾರಾವಿಯಲ್ಲಿ ಮದುವೆ ಶೂಟಿಂಗ್. ಅಂಗಡಿಯಲ್ಲಿ ಹೆಂಡತಿ ಒಬ್ಬಳೇ. ಅವಳು ವೆಬ್‌ಕ್ಯಾಮ್ ಮುಟ್ಟಿದವಳಲ್ಲ. ಬರೆದಿಟ್ಟು ಹೋಗುವ ಎಂದು ಒಂದು ಕಾಗದದಲ್ಲಿ ಬರೆದೆ: ಕ್ಯಾಮೆರಾ ಹಾಕಬೇಕು. ಪ್ರೋಗ್ರಾಮ್ ತೆರೆಯಬೇಕು. ಚಿತ್ರ ಬರುತ್ತದೆ.

ಟೀಚರ್ ಪೇಪರ್ ಮಡಚಿಟ್ಟು ನನ್ನ ಕಾಗದ ತೆಗೆದುಕೊಂಡರು. ಕಂಪ್ಯೂಟರಿನ ಎದುರು ಕೂತು ವೆಬ್‌ಕ್ಯಾಮ್ ಎತ್ತಿದರು. "ಎಲ್ಲಿ ಹಾಕುವುದು? ಚೀಲಕ್ಕಾ?"

"ವಯರನ್ನು ಹಿಂದೆ ಚುಚ್ಚುವುದು ಟೀಚರ್. ಅದು ಯಾರಿಗಾದ್ರೂ ಗೊತ್ತಾಗ್ತದೆ."

"ನನಗೆ ಗೊತ್ತಾಗಲಿಲ್ಲ. ಬರಿ."

ಬರೆದೆ. ಮುಂದೆ ಪ್ರೋಗ್ರಾಮ್ ತೆರೆದರೆ ಪರದೆ ಇಡೀ ನೀಲಿ. "ಇದೆಂತ ಮಾರಾಯ, ಚಿತ್ರ ಎಲ್ಲಿ?"

ನನ್ನ ಕೈ ತಾನಾಗಿ ಮೌಸಿಗೆ ಹೋಯಿತು. ಟೀಚರ್ ಅದಕ್ಕೊಂದು ಪೆಟ್ಟು ಕೊಟ್ಟರು. ಕಂಪ್ಯೂಟರಿಗೆ ಚಿತ್ರ ಬರುವ ದಾರಿ ಎರಡು: ಒಂದು ಕ್ಯಾಸೆಟ್ಟಿನದು, ಇನ್ನೊಂದು ವೆಬ್‌ಕ್ಯಾಮಿನದು. ಪ್ರೋಗ್ರಾಮ್ ಮೊದಲು ಕ್ಯಾಸೆಟ್ಟಿನ ದಾರಿ ಹಿಡಿಯುತ್ತಿತ್ತು. ಕ್ಯಾಸೆಟ್ ಇಲ್ಲದಾಗ ನೀಲಿ. ನಾನು ದಿನಾ ಅದನ್ನು ಬದಲಿಸುತ್ತಿದ್ದೆ, ಆದರೆ ಬದಲಿಸುತ್ತೇನೆಂಬುದೇ ನನಗೆ ಗೊತ್ತಿರಲಿಲ್ಲ.

"ನಿನ್ನ ಕೈಗೆ ಗೊತ್ತಿರುವುದು ಕಾಗದಕ್ಕೆ ಗೊತ್ತಿಲ್ಲ," ಎಂದರು ಟೀಚರ್. "ಒಂದನೇ ಕ್ಲಾಸಿನವರಿಗೆ 'ಪುಸ್ತಕ ತೆಗೆಯಿರಿ' ಅಂದರೆ ಸಾಲದು. ಯಾವ ಪುಸ್ತಕ, ಎಷ್ಟನೇ ಪುಟ, ಪುಟ ಹರಿದುಹೋಗಿದ್ದರೆ ಎಂತ ಮಾಡಬೇಕು, ಎಲ್ಲ ಹೇಳಬೇಕು."

ನನಗೆ ಸಿಟ್ಟೇ ಬಂತು. ಆದರೂ ಕಾಗದ ಹರಿದು ಹರಿದು ಹೊಸದಾಗಿ ಬರೆದೆ. 'ನೀಲಿ ಪರದೆ ಬಂದರೆ ಹೆದರಬೇಡಿ' ಎಂಬ ಸಾಲು ಸೇರಿದ್ದು ಹಾಗೆ; ಅದರ ಕೆಳಗೆ ಎಲ್ಲಿ ಒತ್ತಬೇಕು, ಯಾವ ಹೆಸರು ಆರಿಸಬೇಕು ಎಂಬುದೂ ಬಂತು.

ಶುಕ್ರವಾರ ನಾರಾವಿಯಲ್ಲಿ ಧಾರೆ ಶೂಟ್ ಮಾಡುತ್ತಿದ್ದರೂ ಜೀವ ಅಂಗಡಿಯಲ್ಲಿತ್ತು. ಸಂಜೆ ಬಂದು ನೋಡಿದರೆ ಹೆಂಡತಿಯ ಮುಖ ಅರಳಿದೆ. "ನೀಲಿ ಬಂತು ಮಾರಾಯ್ರೆ! ಆ ಹುಡುಗಿ ಅಳಲಿಕ್ಕೆ ಶುರು. ನಾನು ಕಾಗದ ಗಟ್ಟಿಯಾಗಿ ಓದಿದೆ, ಹಾಗೇ ಮಾಡಿದೆ. ಚಿತ್ರ ಬಂತು! ಅಪ್ಪ ಆಚೆಯಿಂದ 'ಮೂಗು ನನ್ನದೇ' ಅಂತ ಬೊಬ್ಬೆ. ಟೀಚರ್ ಹೊರಗೆ ಮೆಟ್ಟಿಲಲ್ಲೇ ಕೂತಿದ್ರು. ಕರೆದ್ರೂ ಒಳಗೆ ಬರ್ಲೇ ಇಲ್ಲ!"

ಪಕ್ಕದ ಮನೆಗೆ ಹೋಗಿ ಯಾಕೆಂದು ಕೇಳಿದೆ.

"ನಾನು ಒಳಗೆ ಬಂದರೆ ಕಾಗದ ಪಾಸಾ ಫೇಲಾ ಗೊತ್ತಾಗುವುದು ಹೇಗೆ?" ಎಂದರು. "ಪಾಸು. ಆದರೆ ಮಗುವಿನ ಮುಖ ಮೊದಲು ಕಪ್ಪಾಗಿ ಕಂಡಿತಂತೆ. ಕಿಟಕಿಗೆ ಬೆನ್ನು ಹಾಕಿ ಕೂರಬಾರದು ಅಂತ ಬರಿ."

ಟೀಚರ್ ತೀರಿಹೋಗಿ ವರ್ಷಗಳಾದವು. ಆಮೇಲೆ ಅಂಗಡಿಗೆ ಎಷ್ಟೋ ಬಗೆಯ ಕ್ಯಾಮೆರಾ, ಮೆಮೊರಿ ಕಾರ್ಡು ಬಂದವು. ಎಲ್ಲದಕ್ಕೂ ನಾನೇ ಕನ್ನಡದಲ್ಲಿ ಬರೆದೆ. ಬಂಟ್ವಾಳ, ಬೆಳ್ತಂಗಡಿಯ ಸ್ಟುಡಿಯೋದವರೂ ಪ್ರತಿ ಒಯ್ದಿದ್ದಾರೆ. ಬರೆದ ಮೇಲೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕಾಗದ ಕೊಟ್ಟು ನಾನು ಹೊರಗೆ ಮೆಟ್ಟಿಲಲ್ಲಿ ಕೂರುತ್ತೇನೆ. ಬಾಯಿ ಮುಚ್ಚಿ ಕೂರುವುದು ಭಾರಿ ಕಷ್ಟ. ಒಳಗಿನಿಂದ "ಬಂತು!" ಎಂಬ ಕೂಗು ಕೇಳುವವರೆಗೆ ಏಳುವುದಿಲ್ಲ.