ಕ್ರೇನಿಗೆ ತೂಗಿದ ಪಂಕ್ತಿ

ನನ್ನ ತಂದೆ ತಾಯಿ ಒಟ್ಟಿಗೆ ಕುಳಿತು ಊಟಮಾಡಿದ್ದನ್ನು ನಾನು ಮೊದಲ ಬಾರಿಗೆ ಕಂಡದ್ದು ನೆಲದಿಂದ ಹದಿನೈದು ಮಹಡಿಗಳಷ್ಟು ಎತ್ತರದಲ್ಲಿ. ಕನ್ನಡ ಶಾಲೆಯಲ್ಲಿ ಮಕ್ಕಳ ಪ್ರಬಂಧಗಳೊಳಗಿನ ಉತ್ಪ್ರೇಕ್ಷೆಗಳನ್ನು ವರ್ಷಗಟ್ಟಲೆ ಕೆಂಪು ಶಾಯಿಯಿಂದ ಹೊಡೆದುಹಾಕಿದವಳು ನಾನು. ಆದುದರಿಂದ ಇದು ಅಕ್ಷರಶಃ ನಿಜವೆಂದು ಮೊದಲೇ ಹೇಳಿಬಿಡುತ್ತೇನೆ.

ಥಾಣೆಯ ಕೋಪರಿಯಲ್ಲಿ, ರೈಲು ನಿಲ್ದಾಣದಿಂದ ಹೊರಬಿದ್ದವರ ಕಣ್ಣಿಗೆ ತಾನಾಗಿಯೇ ಬೀಳುವಂಥ ಜಾಗದಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲಿತ್ತು. ಉಡುಪಿಯ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಬಂದು, ಬೇರೆಯವರ ಹೋಟೆಲುಗಳಲ್ಲಿ ದುಡಿದು, ಕೊನೆಗೆ ಸ್ವಂತದ್ದೆಂದು ಅಪ್ಪ ಕಟ್ಟಿಕೊಂಡದ್ದು ಅದು. ಹೋಟೆಲಿನ ಹಿಂಬದಿಗೆ ಒಂದು ಬಾಗಿಲು. ಬಾಗಿಲಿನ ಆಚೆಗೆ ನಮ್ಮ ಮನೆ. ಮನೆಯೆಂದರೆ ಒಂದು ಕೋಣೆ ಮತ್ತು ಅಡಿಗೆಗೆಂದು ಮರೆಮಾಡಿದ ಒಂದು ಮೂಲೆ. ನನ್ನ ಬಾಲ್ಯದ ಗಡಿಯಾರ ಆ ಬಾಗಿಲಿನಿಂದ ಬರುತ್ತಿದ್ದ ವಾಸನೆಗಳೇ ಆಗಿದ್ದವು. ಇಡ್ಲಿಯ ಹಬೆಯೆಂದರೆ ಏಳುವ ಹೊತ್ತು, ಸಾಂಬಾರಿನ ಒಗ್ಗರಣೆಯೆಂದರೆ ಶಾಲೆಗೆ ಹೊರಡುವ ಹೊತ್ತು, ಬಟಾಟೆವಡೆಯ ಎಣ್ಣೆ ಕಾಯುವ ವಾಸನೆಯೆಂದರೆ ಪಾಠ ಓದಲು ಕೂರುವ ಹೊತ್ತು.

ಅಪ್ಪನಿಗೆ ಒಂದು ನಿಯಮವಿತ್ತು. ಗಿರಾಕಿ ಉಣ್ಣುತ್ತಿರುವಾಗ ಯಜಮಾನ ಕುಳಿತು ಉಣ್ಣಬಾರದು. ಅವರಿಗೆ ಹೋಟೆಲುಗಾರಿಕೆ ಕಲಿಸಿದ ಹಿರಿಯರೊಬ್ಬರ ಮಾತಂತೆ ಅದು: ಹಾಗೆ ಕುಳಿತರೆ ಅನ್ನ ಕಡಿಮೆ ಬೀಳುತ್ತದೆ. ಮಧ್ಯಾಹ್ನದ ಊಟದ ಗದ್ದಲ ಇಳಿದು, ಕೆಲಸದವರದ್ದೂ ಮುಗಿದ ಮೇಲೆ ಅವರು ಉಗ್ರಾಣದ ಬಾಗಿಲಿಗೆ ಒರಗಿ, ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ನಿಂತೇ ಉಣ್ಣುತ್ತಿದ್ದರು. ಕಣ್ಣು ಮಾತ್ರ ಹಣ ಪಡೆಯುವ ಗಲ್ಲೆಯ ಕಡೆಗೇ.

ಅಮ್ಮನಿಗೂ ಒಂದು ನಿಯಮವಿತ್ತು. ಅಪ್ಪನದ್ದು ಆಗದೆ ಅವಳು ಉಣ್ಣುತ್ತಿರಲಿಲ್ಲ. ಹೋಟೆಲಿಗೆ ಬೇಕಾದ ತರಕಾರಿಯನ್ನು ಮನೆಯಲ್ಲೇ ಹೆಚ್ಚಿಕೊಟ್ಟು, ಮಧ್ಯಾಹ್ನ ಹಿಂಬಾಗಿಲ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತಿದ್ದಳು. ಆಚೆಯ ನಲ್ಲಿಯಲ್ಲಿ ಅಪ್ಪ ಕೈ ತೊಳೆಯುವ ಸದ್ದು ಕೇಳಿದ ಮೇಲೆಯೇ ತನಗೆ ಬಡಿಸಿಕೊಳ್ಳುವುದು. ಎಷ್ಟೋ ಜನ ತೊಳೆಯುವ ಆ ನಲ್ಲಿಯಲ್ಲಿ ಅಪ್ಪನ ಕೈಯ ಸದ್ದು ಅವಳಿಗೆ ಹೇಗೆ ತಿಳಿಯುತ್ತಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ.

ಹೀಗೆ ಅವರಿಬ್ಬರ ನಡುವೆ ಒಂದು ಬಾಗಿಲು ಬಹುಕಾಲ ಉಳಿಯಿತು. ಮದುವೆಮನೆಗಳಿಗೆ ಹೋದರೂ ಅಷ್ಟೇ. ಅಪ್ಪ ಪಂಕ್ತಿಯಲ್ಲಿ ಕುಳಿತಂತೆ ಮಾಡಿ, ಎರಡನೆಯ ಸಾರಿ ಸಾರು ಬರುವಷ್ಟರಲ್ಲಿ ಮಾಯವಾಗುತ್ತಿದ್ದರು. ಆಮೇಲೆ ನೋಡಿದರೆ ಪಂಚೆ ಎತ್ತಿಕಟ್ಟಿ ಪಾಯಸದ ಬಕೆಟು ಹಿಡಿದಿರುತ್ತಿದ್ದರು. ನನ್ನ ಮದುವೆಯಲ್ಲಿ ಅಮ್ಮ ತನ್ನ ಪಕ್ಕದ ಎಲೆಯನ್ನು ಅವರಿಗೆಂದು ಕಾದಿರಿಸಿದ್ದಳು. ಬಡಿಸಿದ್ದೆಲ್ಲ ಅದರ ಮೇಲೆ ಹಾಗೆಯೇ ಆರಿತು. ಏಳುವಾಗ ಅಮ್ಮ ಆ ಎಲೆಯನ್ನೂ ತಾನೇ ಮಡಚಿದಳು.

ಎರಡು ವರ್ಷಗಳ ಹಿಂದೆ ಅಪ್ಪ ಹೋಟೆಲನ್ನು ಬಿಟ್ಟುಕೊಟ್ಟು, ಡೊಂಬಿವಲಿಯ ನಮ್ಮ ಮನೆಯ ಎದುರಿನ ಕಟ್ಟಡಕ್ಕೆ ಅಮ್ಮನೊಂದಿಗೆ ಬಂದರು. ಬಾಗಿಲು ಹೋಯಿತು, ನಿಯಮಗಳು ಹೋಗಲಿಲ್ಲ. ಅಪ್ಪ ಈಗ ಅಡಿಗೆಕಟ್ಟೆಗೆ ಒರಗಿ ಉಣ್ಣುತ್ತಿದ್ದರು. ಅಮ್ಮ ಅವರು ಕೈ ತೊಳೆಯುವವರೆಗೆ ಕಾಯುತ್ತಿದ್ದಳು.

ಅವರ ಮದುವೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ ನನ್ನ ಮಗಳು, ನಿನಗೇನು ಬೇಕೆಂದು ಅಜ್ಜಿಯನ್ನು ಕೇಳಿದಳಂತೆ. ಸೀರೆ, ಬಳೆ ಯಾವುದೂ ಬೇಡವೆಂದ ಅಮ್ಮ, ಕೊನೆಗೆ ಹೇಳಿದ್ದು ಇಷ್ಟೇ: "ಅಜ್ಜನ ಒಟ್ಟಿಗೆ ಕೂತು ಒಂದು ಊಟ."

ಮಗಳು ಮೊದಲು ಅವರನ್ನು ಥಾಣೆಯ ಒಂದು ದೊಡ್ಡ ರೆಸ್ಟೋರೆಂಟಿಗೆ ಕರೆದೊಯ್ದಳು. ಸೂಪು ಬರುವ ಮೊದಲೇ ಅಪ್ಪ ಕೈ ತೊಳೆದು ಬರುತ್ತೇನೆಂದು ಎದ್ದವರು, ಅಡಿಗೆಮನೆಯಲ್ಲಿ ಊರ ಕಡೆಯ ಅಡಿಗೆಯವರೊಬ್ಬರು ಸಿಕ್ಕಿದ್ದರಿಂದ ಬಿಲ್ಲು ಬಂದಾಗಲೇ ಹೊರಗೆ ಬಂದರು. ಆಮೇಲೆ ಮಗಳಿಗೆ ಈ ಉಪಾಯ ಹೊಳೆಯಿತು. ಐರೋಲಿಯ ಹತ್ತಿರ, ಖಾಡಿಯೆಂದು ಇಲ್ಲಿ ಕರೆಯುವ ಸಮುದ್ರದ ಹಿನ್ನೀರಿನ ಕಡೆಗಿನ ಮೈದಾನವೊಂದರಲ್ಲಿ, ದೊಡ್ಡದೊಂದು ಮೇಜನ್ನೇ ಕುರ್ಚಿಗಳ ಸಮೇತ ಕ್ರೇನಿಗೆ ಕಟ್ಟಿ ಆಕಾಶಕ್ಕೆತ್ತಿ ಊಟ ಬಡಿಸುತ್ತಾರೆಂದು ಅವಳು ಫೋನಿನಲ್ಲಿ ನೋಡಿದ್ದಳು. ಕುಳಿತವರನ್ನು ಬೆಲ್ಟಿನಿಂದ ಬಿಗಿಯುತ್ತಾರೆ, ಕೆಳಗಿಳಿಯುವವರೆಗೆ ಬಿಚ್ಚುವಂತಿಲ್ಲ. ನನಗೆ ಅವಳ ಯೋಜನೆಯ ತರ್ಕ ಕೂಡಲೇ ಒಪ್ಪಿಗೆಯಾಯಿತು. ಆದರೂ ನನ್ನ ಪದ್ಧತಿಯಂತೆ ವೈದ್ಯರನ್ನು ಕೇಳಿ, ಇಬ್ಬರ ರಕ್ತದೊತ್ತಡ ನೋಡಿಸಿ, ಮೈದಾನದವರಿಗೆ ಫೋನು ಮಾಡಿ ವಯಸ್ಸಿನ ನಿಯಮ ವಿಚಾರಿಸಿದ ಮೇಲೆಯೇ ಹೂಂ ಅಂದೆ. ಅಪ್ಪನಿಗೆ ಮಾತ್ರ, ಹೊಸ ರೀತಿಯ ಹೋಟೆಲೊಂದನ್ನು ನೋಡಿ ಬರೋಣವೆಂದಷ್ಟೇ ತಿಳಿಸಿದೆವು. ಹೋಟೆಲೆಂದರೆ ಅವರು ಎಲ್ಲಿಗಾದರೂ ಬರುವವರೇ.

ನಾವು ನಾಲ್ವರು ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಾಕಷ್ಟು ಕಾದು, ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ಅಲ್ಲಿ ಮುಟ್ಟಿದೆವು. ಮೇಜಿನ ನಡುವೆ ಬಾವಿಯಂಥ ಜಾಗ. ಅದರೊಳಗೆ ನಿಂತು ಬಡಿಸುವವರು ಮೂವರು. ಸುತ್ತಲೂ ಕುರ್ಚಿಗಳು. ಕುರ್ಚಿ ಹತ್ತುವ ಮೊದಲು ಅಪ್ಪ ಊಟಕ್ಕೆ ಕೂರುವಾಗಿನ ರೂಢಿಯಂತೆ ಚಪ್ಪಲಿ ಬಿಚ್ಚಿಟ್ಟರು. ಸಡಿಲ ಪಾದರಕ್ಷೆಗಳನ್ನು ಹೇಗೂ ಕೆಳಗೆ ಬಿಡಬೇಕಿತ್ತು. ಆದರೆ ಅದನ್ನು ಹೇಳುವ ಮೊದಲೇ ಬಿಚ್ಚಿದವರು ಅವರೊಬ್ಬರೇ. ಮಗಳು, ಅಮ್ಮ, ಅಪ್ಪ, ನಾನು ಎಂಬ ಕ್ರಮದಲ್ಲಿ ಕುಳಿತೆವು. ಬೆಲ್ಟು ಬಿಗಿಯಲು ಬಂದವನನ್ನು ಅಪ್ಪ, ಇದನ್ನು ಬಿಚ್ಚುವುದು ಹೇಗೆಂದು ಹಿಂದಿಯಲ್ಲಿ ವಿಚಾರಿಸಿದರು. ನಿಮ್ಮಿಂದ ಬಿಚ್ಚಲಾಗದು, ಕೆಳಗೆ ಬಂದ ಮೇಲೆ ನಾನೇ ಬಿಚ್ಚುತ್ತೇನೆ ಎಂದ ಅವನು. ಅಮ್ಮ ಸೆರಗು ಸರಿಪಡಿಸುವ ನೆವದಲ್ಲಿ ಮುಖ ಆಚೆಗೆ ತಿರುಗಿಸಿದಳು. ಅವಳು ನಗುತ್ತಿದ್ದಳು.

ಮೇಜು ಮೇಲೆದ್ದಿತು. ಸದ್ದಿಲ್ಲ, ಕುಲುಕಾಟವಿಲ್ಲ, ನೆಲವೇ ನಮ್ಮನ್ನು ಬಿಟ್ಟು ಇಳಿದುಹೋದಂತಿತ್ತು. ಅಪ್ಪ ಅಮ್ಮನ ನಾಲ್ಕು ಬರಿಗಾಲುಗಳು ಗಾಳಿಯಲ್ಲಿ ತೂಗುತ್ತಿದ್ದವು. ಕೆಳಗೆ ಖಾಡಿಯ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಕಾಡು ಹಸುರು ಕಂಬಳಿಯಂತೆ, ಅದರ ನಡುವೆ ಬೂದುಬಣ್ಣದ ನೀರು, ನೀರಿನಾಚೆ ಥಾಣೆಯ ಗೋಪುರಕಟ್ಟಡಗಳು.

"ಕೋಪರಿ ಅದಲ್ವ?" ಎಂದರು ಅಪ್ಪ.

ಹೌದು, ಅತ್ತ ಕಡೆಯೇ. ಎತ್ತರದ ಕಟ್ಟಡಗಳ ಹಿಂದೆ ಎಲ್ಲೋ ನಮ್ಮ ಆ ಒಂದು ಕೋಣೆ ಇತ್ತು. ಹೋಟೆಲಿದ್ದಲ್ಲಿ ಈಗ ಔಷಧಿಯಂಗಡಿ. ಅಪ್ಪ ಬಹಳ ಹೊತ್ತು ಅತ್ತಲೇ ನೋಡಿದರು. ನನಗೋ ಮಧ್ಯಾಹ್ನದ ಆ ಹಿಂಬಾಗಿಲು, ಅದರ ಕೆಳಗಿನ ಸಂದಿಯಿಂದ ನಮ್ಮ ನೆಲಕ್ಕೆ ಬೀಳುತ್ತಿದ್ದ ಬೆಳಕಿನ ಗೆರೆ, ಆ ಗೆರೆಯನ್ನು ದಾಟಿ ಹೋಗುತ್ತಿದ್ದ ಕಾಲುಗಳ ನೆರಳು ಎಲ್ಲವೂ ಕಣ್ಣಿಗೆ ಕಟ್ಟಿದವು. ನಾನು ಗುಣಾಕಾರದ ಮಗ್ಗಿ ಬಾಯಿಪಾಠ ಮಾಡಿದ್ದು ಆ ಬೆಳಕಿನಲ್ಲಿ, ಹಸಿದ ಅಮ್ಮನ ಪಕ್ಕದಲ್ಲಿ. ಅವಳು ಹಸಿದಿದ್ದಾಳೆಂಬುದು ಆಗ ನನಗೆ ಹೊಳೆಯಲೇ ಇಲ್ಲ. ಕೂತಿದ್ದಾಳೆ ಎಂದಷ್ಟೇ ತಿಳಿದಿದ್ದೆ.

ಬಡಿಸಲು ಆರಂಭಿಸಿದರು. ಮೊದಲಿಗೆ ಬಂದದ್ದು ಗೋಲಿಯ ಗಾತ್ರದ ಇಡ್ಲಿಗಳು, ಕಡ್ಡಿಗೆ ಚುಚ್ಚಿದವು. ಅಪ್ಪ ಒಂದನ್ನು ಎತ್ತಿ ನೋಡಿದರು. "ಇಡ್ಲಿಗೆ ಕಡ್ಡಿ ಯಾಕೆ? ಅದೇನು ಓಡಿ ಹೋಗ್ತದಾ?"

"ಬಿದ್ದರೆ ಹೆಕ್ಕಲಿಕ್ಕೆ ಹೋಗುವವರು ಯಾರು, ಅದಕ್ಕೆ," ಎಂದಳು ಅಮ್ಮ. ಅವಳಿಗೆ ಎತ್ತರದ ಭಯ ಇಷ್ಟೂ ಇರಲಿಲ್ಲ.

ಪನೀರು, ಹುರಿದ ತರಕಾರಿ, ಪುಟ್ಟ ಬಟ್ಟಲಿನಲ್ಲಿ ಅನ್ನ, ದಾಲು. ನಮ್ಮ ನಾಲ್ವರ ತಟ್ಟೆಯೂ ತುಂಬಿತು. ಮಗಳು ತಿನ್ನತೊಡಗಿದಳು, ನಾನೂ ತೊಡಗಿದೆ. ಅಪ್ಪ ತೊಡಗಲಿಲ್ಲ. ಅವರ ಕಣ್ಣು ಬಡಿಸುವವರ ಕೈಗಳ ಹಿಂದೆ ಮೇಜನ್ನು ಸುತ್ತುತ್ತಿತ್ತು. ಎರಡು ಸಲ ಅವರ ಕೈ ತಾನಾಗಿ ಬೆಲ್ಟಿನ ಕೊಂಡಿಗೆ ಹೋಗಿ ಹಿಂದೆ ಬಂತು.

ಉಣ್ಣಿ ಎಂದಳು ಅಮ್ಮ.

"ಆ ಕೊನೆಯವರಿಗೆ ಇನ್ನೂ ಬರಲಿಲ್ಲ ಮಾರಾಯ್ತಿ. ಎಲ್ಲರದ್ದೂ ಆಗಲಿ."

ಕೊನೆಯವರಿಗೂ ಬಂತು. ಆದರೆ ಬಂದರೆ ಸಾಲದು, ಉಂಡು ಆಗಬೇಕು. ಅಪ್ಪ ಕೈಕಟ್ಟಿ ಕುಳಿತರು. ಅಮ್ಮನೂ ತಟ್ಟೆ ಮುಟ್ಟದೆ ಕುಳಿತಳು. ಬೆಲ್ಟು ಅವರನ್ನು ಒಟ್ಟಿಗೆ ಕೂರಿಸಬಲ್ಲದು, ಒಟ್ಟಿಗೆ ಉಣಿಸಲಾರದು ಎಂಬುದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಹುಟ್ಟಿದ್ದು ಇಲ್ಲಿಯೇ ಆದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಮಾತ್ರ ಹಿಂದಿಯೇ ಬರುತ್ತದೆ. ನೀನಾದರೂ ತಿನ್ನು ಎಂದು ಅವಳು ಹಿಂದಿಯಲ್ಲಿ ಅಜ್ಜಿಯನ್ನು ಒತ್ತಾಯಿಸಿದಳು. ಅಜ್ಜನದ್ದು ಆಗಲಿ ಎಂಬ ಉತ್ತರ ಬಂತು. ಮೇಲಿನ ಗಾಳಿಗೆ ದಾಲು ಕೆನೆಗಟ್ಟಿತು. ಅಷ್ಟರಲ್ಲಿ ಬಡಿಸುವವರಲ್ಲೊಬ್ಬ, ಇನ್ನು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತೇವೆಂದು ಕೂಗಿ ತಿಳಿಸಿದ. ಮಗಳು ನನ್ನ ಮುಖ ನೋಡಿದಳು. ತರಗತಿಯಲ್ಲಿ ಎಂಥೆಂಥ ಹಟಮಾರಿಗಳನ್ನು ಸುಧಾರಿಸಿದ ನಾನು ಆಗ ನನ್ನ ತಟ್ಟೆಯನ್ನೇ ನೋಡಿದೆ.

ಅಮ್ಮನೇ ಮಾತಾಡಿದಳು. ಅಪ್ಪನ ಕಡೆ ಪೂರ್ತಿ ತಿರುಗಲು ಬೆಲ್ಟು ಬಿಡದಿದ್ದುದರಿಂದ, ಎದುರಿನ ಖಾಡಿಯನ್ನು ನೋಡುತ್ತಲೇ ಹೇಳಿದಳು.

"ನೋಡಿ, ಎಲ್ಲರದ್ದೂ ಆಗಲಿ ಅಂತೀರಲ್ಲ, ಆ ಎಲ್ಲರಲ್ಲಿ ನಾನು ಬರುವುದಿಲ್ವ? ನಾನೂ ಇದೇ ಪಂಕ್ತಿಯಲ್ಲಿ ಕೂತದ್ದು. ನೀವು ಉಣ್ಣದೆ ನನ್ನದು ಆಗುವುದಿಲ್ಲ. ನನ್ನದು ಆಗದೆ ನಿಮ್ಮ ಎಲ್ಲರದ್ದು ಆಗುವುದು ಹೇಗೆ?"

ಅಪ್ಪ ಕೋಪರಿಯ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು: "ಅಲ್ಲಿರುವಾಗ ನೀನು ಊಟ ಮಾಡ್ತಾ ಇದ್ದದ್ದು ಎಷ್ಟು ಹೊತ್ತಿಗೆ?"

"ನೀವು ಕೈ ತೊಳೆದ ಮೇಲೆ."

"ನನ್ನದು ನಾಲ್ಕು ಗಂಟೆ ಆಗ್ತಿತ್ತಲ್ಲ."

"ಆಗ್ತಿತ್ತು."

ಅವರಿಗೆ ಗೊತ್ತಿರಲಿಲ್ಲ. ಬಾಗಿಲಿನ ಆಚೆಗೆ ಇದ್ದವರಿಗೆ ಈಚೆಗಿನ ಗಂಟೆ ಗೊತ್ತಾಗುವುದು ಹೇಗೆ? ಅಮ್ಮ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅದು ಹೇಳುವಂಥ ಸಂಗತಿಯೆಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಪ್ಪ ಚಮಚವನ್ನು ಬದಿಗಿಟ್ಟು, ಅನ್ನಕ್ಕೆ ದಾಲು ಸುರಿದು, ಕೈಯಿಂದ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಮ್ಮ ಆ ತುತ್ತು ಗಂಟಲಿನಿಂದ ಇಳಿಯುವವರೆಗೂ ಕಾಯಲಿಲ್ಲ, ತಾನೂ ಕಲಸಿದಳು. ಎರಡು ಕೈಗಳು ಪಕ್ಕಪಕ್ಕದಲ್ಲಿ ಏಳುತ್ತ ಇಳಿಯುತ್ತ ಇದ್ದವು. ದಾಲಿಗೆ ಉಪ್ಪು ಮುಂದಾಯಿತೆಂದು ಅಪ್ಪ ಅಂದರು. ಅನ್ನದೊಟ್ಟಿಗೆ ಸರಿ ಹೋಗ್ತದೆ ಎಂದಳು ಅಮ್ಮ.

ಅವರು ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಮೇಜು ಇಳಿಯತೊಡಗಿತು. ಕಾಂಡ್ಲಾ ಕಾಡು ಮೇಲೇರಿ ಬಂತು, ಖಾಡಿ ಮರೆಯಾಯಿತು, ಕೊನೆಗೆ ಕೋಪರಿಯೂ ಮರೆಯಾಯಿತು. ಕೆಳಗೆ ಮುಂದಿನ ಸರದಿಯವರು ಆಗಲೇ ಸಾಲುಗಟ್ಟಿ ನಿಂತಿದ್ದರು. ಬೆಲ್ಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಎಲ್ಲರೂ ಎದ್ದು ಫೋಟೋ ತೆಗೆಸಿಕೊಳ್ಳಲು ಓಡಿದರು. ಬೆಲ್ಟಿನವನು ಬಂದು ಅಪ್ಪನದ್ದನ್ನೂ ಬಿಚ್ಚಿದ.

ಅವರು ಏಳುತ್ತಾರೆಂದು, ಎದ್ದು ನೇರವಾಗಿ ಆ ಬಡಿಸುವವರ ಬಳಿಗೆ ಹೋಗುತ್ತಾರೆಂದು ನಾನು ನಿಶ್ಚಯಿಸಿಯೇ ಇದ್ದೆ. ಅಮ್ಮನೂ ಹಾಗೆಯೇ ಎಣಿಸಿರಬೇಕು. ಅವಳ ಕೈ ತಟ್ಟೆಯ ಅಂಚಿನಲ್ಲಿ ನಿಂತಿತ್ತು. ಅಪ್ಪ ಏಳಲಿಲ್ಲ. ಕೆಳಗೆ ಮುಟ್ಟುವಷ್ಟರಲ್ಲಿ ಅವರ ತಟ್ಟೆ ಬರಿದಾಗಿತ್ತು, ಅಮ್ಮನದ್ದು ಆಗಿರಲಿಲ್ಲ. ಬೇಗ ಏಳಿರೆಂದು ಅವಸರ ಮಾಡಿದ ಬೆಲ್ಟಿನವನಿಗೆ ಅವರು ಒಣಗತೊಡಗಿದ ಎಂಜಲುಗೈಯನ್ನು ಎತ್ತಿ ತೋರಿಸಿ, ಗಲ್ಲೆಯಲ್ಲಿ ಕುಳಿತು ಕಲಿತ ಮರಾಠಿಯಲ್ಲಿ ಹೇಳಿದರು: "ಥಾಂಬಾ ಭಾವು. ಪಂಗತ್ ಅಜೂನ್ ಉಠಲೀ ನಾಹೀ."

ತಾಳಪ್ಪ, ಪಂಕ್ತಿ ಇನ್ನೂ ಎದ್ದಿಲ್ಲ.

ಅವನೂ ಯಾವುದೋ ಮರಾಠಿ ಮನೆಯ ಪಂಕ್ತಿಗಳಲ್ಲಿ ಕುಳಿತು ಬೆಳೆದವನೇ ಇರಬೇಕು. ಸರದಿಯವರನ್ನು ಕೈಸನ್ನೆಯಿಂದ ತಡೆದು, ಸುಮ್ಮನೆ ಪಕ್ಕಕ್ಕೆ ನಿಂತ. ಖಾಲಿ ಕುರ್ಚಿಗಳ ಆ ದೊಡ್ಡ ಮೇಜಿನಲ್ಲಿ ಅವರಿಬ್ಬರೇ ಉಳಿದರು. ಬರಿಗಾಲುಗಳು ಈಗ ನೆಲ ಮುಟ್ಟಿದ್ದವು.

ನನ್ನ ಅಮ್ಮ ಜೀವಮಾನವಿಡೀ ಗಬಗಬನೆ ಉಂಡು ಏಳುವವಳು. ಅಂದು ಅವಳು ತಟ್ಟೆಯಲ್ಲಿ ಉಳಿದದ್ದನ್ನು ಒಂದೊಂದೇ ಅಗುಳು ಹೆಕ್ಕುತ್ತ, ಬಹಳ ನಿಧಾನವಾಗಿ ಉಂಡಳು.